ಕತ್ತಿನ ಮೇಲೊಂದು ಕಾಲು

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಕಾಯಿಲೆ ಬಂದರೆ ಯಾರೂ ನಂಬುವುದಿಲ್ಲ. ಎಲ್ಲರಿಗಿಂತ ಮೊದಲು ಅವರೇ ನಂಬುವುದಿಲ್ಲ. ದಿನವಿಡೀ ಬೇರೆಯವರ ನರಳಾಟ ಕೇಳಿ ಕೇಳಿ, ತಮ್ಮ ಮೈಯೊಳಗಿಂದ ಬರುವ ನರಳಾಟವೂ ಪಕ್ಕದ ವಾರ್ಡಿನದೇ ಇರಬೇಕೆಂದು ಸುಮ್ಮನಿರುತ್ತಾರೆ. ನಂಬುವ ಹೊತ್ತಿಗೆ ಅದು ಕಾಯಿಲೆಯ ಹಂತ ದಾಟಿ ಸ್ವಭಾವವಾಗಿರುತ್ತದೆ. ನಮ್ಮ ಆಸ್ಪತ್ರೆಯಲ್ಲಿ ಹೀಗೆ ಸ್ವಭಾವವಾಗಿಹೋಗಿದ್ದ ಕಾಯಿಲೆ ಎಂದರೆ ಕತ್ತು ನೋವು. ಆ ಕತ್ತು ನೋವನ್ನು ವಾಸಿ ಮಾಡಲೆಂದೇ ಸಂಬಳ ಪಡೆಯುತ್ತಿದ್ದವಳು ನಾನು. ಈ ಎರಡು ಸಂಗತಿಗಳಿಗೆ ಏನಾದರೂ ಸಂಬಂಧವಿರಬಹುದೆಂದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ.

ಯಾವ ಊರಿನ ಆಸ್ಪತ್ರೆ ಎಂದು ಮಾತ್ರ ಹೇಳುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ಕಡೆ ನಾನು ಕೆಲಸ ಮಾಡಿದ್ದೇನೆ. ಕೆಲವು ಕಡೆ ವರ್ಗವಾಗಿ, ಕೆಲವು ಕಡೆ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬಂದು. ಓದುವವರು ತಮಗಾಗದ ಊರನ್ನು ಆರಿಸಿಕೊಳ್ಳಬಹುದು. ನಾನು ಓದಿದ್ದು ಫಿಜಿಯೋಥೆರಪಿ. ಮಾತ್ರೆ ಕೊಡದೆ, ಚುಚ್ಚದೆ, ಕೊಯ್ಯದೆ, ಕೈಕಾಲು ಕತ್ತು ಸೊಂಟಗಳನ್ನು ಆಡಿಸಿಯೇ ನೋವು ಇಳಿಸುವ ವಿದ್ಯೆ. ನಮ್ಮ ಕಡೆಯ ಜನ ಚುಚ್ಚದವರನ್ನು ಸುಲಭವಾಗಿ ವೈದ್ಯರೆಂದು ಒಪ್ಪುವುದಿಲ್ಲ. ಚಿನಕುರಳಿಯ ಕಡೆಯಿಂದ ಭುಜ ಹಿಡಿದುಕೊಂಡು ಬಂದ ಒಬ್ಬ ಯಜಮಾನರು ನಾನು ಹೇಳಿಕೊಟ್ಟ ವ್ಯಾಯಾಮವನ್ನೆಲ್ಲ ಗಮನವಿಟ್ಟು ನೋಡಿ, “ಸರಿ ಕಣವ್ವ, ಇದ ನೀನು ಮಾಡ್ಕೊ. ನಂಗೊಂದು ಇಂಜೆಕ್ಸನ್ ಬರ್ಕೊಡು” ಅಂದಿದ್ದರು.

ಅಂದಿದ್ದರು ಎಂದೆನಲ್ಲ, ಅದು ನನ್ನ ನೆನಪು. ನಾನು ನೆನಪನ್ನು ಅಷ್ಟಾಗಿ ನಂಬುವವಳಲ್ಲ. ಅದಕ್ಕಾಗಿಯೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತೇನೆ. ಬರೆದದ್ದನ್ನು ಆಮೇಲೆ ಓದಿದರೆ ಅದನ್ನೂ ನಂಬುವುದು ಕಷ್ಟವಾಗುತ್ತದೆ. ಬರೆದವಳೂ ನಾನೇ ತಾನೇ, ಅದೂ ಸಂಜೆ ಸುಸ್ತಾಗಿದ್ದಾಗ. ಆ ಯಜಮಾನರು ಭುಜ ಹಿಡಿದುಕೊಂಡು ಬಂದಿದ್ದರೆಂದು ನೆನಪು. ಡೈರಿಯಲ್ಲಿ ಮಂಡಿ ಎಂದಿದೆ. ಇಂಜೆಕ್ಷನ್ ಕೇಳಿದ್ದು ಮಾತ್ರ ಎರಡರಲ್ಲೂ ಇದೆ. ಆದ್ದರಿಂದ ಅದು ನಿಜವಿರಬೇಕು. ಈ ಪ್ರಬಂಧದಲ್ಲಿ ಬರುವ ಉಳಿದ ಮಾತುಗಳನ್ನೂ ಓದುಗರು ಇದೇ ತಕ್ಕಡಿಯಲ್ಲಿ ತೂಗಬೇಕಾಗಿ ವಿನಂತಿ.

ಕತ್ತಿನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಗೆ ಹೋದವರು ಔಷಧಿಯ ವಾಸನೆ ನೋಡುತ್ತಾರೆ, ಸಾಲು ನೋಡುತ್ತಾರೆ, ಗೋಡೆಯ ಮೇಲಿನ ಎಲೆಯಡಿಕೆ ಕಲೆ ನೋಡುತ್ತಾರೆ. ನಾನು ಕತ್ತುಗಳನ್ನು ನೋಡುತ್ತೇನೆ. ಹೊರರೋಗಿಗಳಿಗೆ ಚೀಟಿ ಕೊಡುವ ಕೌಂಟರಿನ ಕುಮಾರನನ್ನೇ ತೆಗೆದುಕೊಳ್ಳಿ. ಅವನ ಕಂಪ್ಯೂಟರು ಎಡಗಡೆ, ಜನ ಮಾತಾಡುವ ಕಿಂಡಿ ಬಲಗಡೆ, ಕಿಂಡಿಯೋ ಅವನ ಎದೆಯ ಮಟ್ಟಕ್ಕೆ. ಹೀಗಾಗಿ ಕಣ್ಣು ಎಡಕ್ಕೆ, ಕಿವಿ ಬಲಕ್ಕೆ, ಗಲ್ಲ ಕೆಳಕ್ಕೆ. ಮದುವೆ ಫೋಟೋದಲ್ಲೂ ಅವನು ಹಾಗೆಯೇ ಇದ್ದಾನೆ, ಹೆಂಡತಿಗೆ ಚೀಟಿ ಬರೆದುಕೊಡುತ್ತಿರುವವನ ಹಾಗೆ. ಇನ್ನು ಹಿರಿಯ ನರ್ಸ್ ನಿಂಗಮ್ಮ ಸಿಸ್ಟರ್. ಎಳೆಮಕ್ಕಳ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಹಾಗೆ ಬಗ್ಗಿ ಬಗ್ಗಿ ಅವರ ತಲೆ ಮೈಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಮೂಲೆ ತಿರುಗುವಾಗ ಮೊದಲು ಅವರ ಕನ್ನಡಕ ಕಾಣಿಸಿ, ಸ್ವಲ್ಪ ಹೊತ್ತಿನ ಮೇಲೆ ನಿಂಗಮ್ಮ ಸಿಸ್ಟರ್ ಬರುತ್ತಾರೆ. ನಮ್ಮ ಆಡಳಿತಾಧಿಕಾರಿಗಳಾದ ಡಾಕ್ಟರು, ಎಲ್ಲರೂ ಸಾಹೇಬರು ಅನ್ನುವವರು, ದಿನಕ್ಕಿಷ್ಟು ಹೊತ್ತು ಮೊಬೈಲಿನಲ್ಲಿ ಮೇಲಧಿಕಾರಿಗಳ ಸಭೆಯಲ್ಲಿ ಕೂತು ಕೂತು, ಕತ್ತು ತಿರುಗಿಸುವುದನ್ನೇ ಬಿಟ್ಟಿದ್ದರು. ಯಾರಾದರೂ ಪಕ್ಕದಲ್ಲಿ ನಿಂತು ಮಾತಾಡಿಸಿದರೆ ಕುರ್ಚಿಯನ್ನೇ ತಿರುಗಿಸುತ್ತಿದ್ದರು. ಹೊಸಬರು ಅದನ್ನು ಅಧಿಕಾರದ ಗತ್ತು ಎಂದುಕೊಳ್ಳುತ್ತಿದ್ದರು.

ಇವರಲ್ಲಿ ಒಬ್ಬರೂ ನನ್ನ ಕೋಣೆಗೆ ಬಂದವರಲ್ಲ. ಕ್ಷಕಿರಣದ ಕೋಣೆ ದಾಟಿ, ಹಳೆಯ ಮಂಚಗಳ ರಾಶಿ ದಾಟಿದರೆ ಸಿಗುವುದು ನನ್ನ ಕೋಣೆ. ಆದರೆ ಕತ್ತಿಗೆ ಬೇರೆ ಬೇರೆ ದಾರಿಗಳಿದ್ದವು. ಕುಮಾರ ಕಟಿಂಗ್ ಶಾಪಿಗೆ ಹೋಗಿ ಕತ್ತಿನ ನೆಟಿಕೆ ತೆಗೆಸಿಕೊಂಡು ಬರುತ್ತಿದ್ದ. ಕೆಲವರು ಮಲಗುವ ದಿಂಬನ್ನು ಬಿಸಿಲಿಗೆ ಹಾಕುತ್ತಿದ್ದರು. ಕತ್ತು ಹಿಡಿದುಕೊಂಡರೆ ತಪ್ಪು ದಿಂಬಿನದು, ಬಿಸಿಲಿಗೆ ಹಾಕಿದರೆ ಅದಕ್ಕೆ ಬುದ್ಧಿ ಬರುತ್ತದೆ ಎಂಬುದು ನಮ್ಮಲ್ಲಿ ಮನೆಮನೆಯ ನಂಬಿಕೆ. ಒಂದು ದಿನ ಆಸ್ಪತ್ರೆಯ ತಾರಸಿಯ ಮೇಲೆ ಸಾಲಾಗಿ ದಿಂಬುಗಳು ಒಣಗುತ್ತಿದ್ದವು. ವಾರ್ಡಿನ ದಿಂಬುಗಳನ್ನು ಇಷ್ಟು ಮುತುವರ್ಜಿಯಿಂದ ನೋಡಿಕೊಳ್ಳುತ್ತಾರಲ್ಲ ಎಂದು ಖುಷಿಪಟ್ಟೆ. ಹತ್ತಿರ ಹೋದರೆ ಹೂವಿನ ಕಸೂತಿ, ನವಿಲಿನ ಚಿತ್ರ, ಒಂದರ ಮೇಲೆ ‘ಶುಭರಾತ್ರಿ’. ಎಲ್ಲ ಸಿಬ್ಬಂದಿಯ ಮನೆಯವು. “ನಮ್ಮನೆ ಮುಂದೆ ಬಿಸ್ಲೇ ಬೀಳಕಿಲ್ಲ ಮೇಡಂ, ಅದ್ಕೆ ತಂದೆ” ಅಂದ ಕುಮಾರ.

ಇಷ್ಟೂ ಆದರೂ ನನ್ನ ಪಾಡಿಗೆ ನಾನಿರುತ್ತಿದ್ದೆನೇನೋ. ಆದರೆ ಒಂದು ದಿನ ಸಾಹೇಬರು ಕರೆಸಿದರು. ಕುರ್ಚಿ ಪೂರ್ತಿ ನನ್ನ ಕಡೆ ತಿರುಗಿಸಿ, “ನೋಡಿ ಸುಮಾ, ಗ್ಲೂಕೋಸ್ ಬಾಟ್ಲಿ ಡಬ್ಬಗಳಿಗೆ ಜಾಗ ಇಲ್ಲ. ನಿಮ್ಮ ಕೋಣೆ ದೊಡ್ಡದಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಜನ ಅಂತೂ ಬರೋದು ಕಾಣೆ” ಅಂದರು. ನಾನು ಏನೋ ಹೇಳಲು ಹೋದೆ. “ನಿಮ್ಮನ್ನೇನು ಬಿಟ್ಟುಬಿಡಲ್ಲ. ಕಾರಿಡಾರಲ್ಲಿ ಒಂದು ಮೇಜು ಹಾಕಿಸಿಕೊಡ್ತೀನಿ. ಮುಂದಿನ ತಿಂಗಳವರೆಗೂ ನೋಡೋಣ. ಜನ ಬಂದರೆ ಕೋಣೆ ನಿಮ್ಮದು, ಇಲ್ಲದಿದ್ದರೆ ಗ್ಲೂಕೋಸಿಂದು.”

ಕಾರಿಡಾರಿನ ಮೇಜಿನ ಮೇಲೆ ಯಾರ ಸೊಂಟ ಮಲಗಿಸಲಿ? ಯಾವ ಹೆಂಗಸು ಓಡಾಡುವ ಜನರ ನಡುವೆ ಕೈಯೆತ್ತಿ ಭುಜ ತಿರುಗಿಸಿಯಾಳು? ಮೇಜು ಎಂದರೆ ನನ್ನ ವಿದ್ಯೆಗೆ ಮುಕ್ತಾಯ, ಚೀಟಿ ಬರೆಯುವುದಕ್ಕೆ ಆರಂಭ. ಮನೆಗೆ ಹೋಗಿ ಯೋಚಿಸಿದೆ. ಜನ ಎಂದರೆ ಹೊರಗಿನವರೇ ಆಗಬೇಕೆ? ಕತ್ತು ಹಿಡಿದುಕೊಂಡವರು ನಮ್ಮ ಆಸ್ಪತ್ರೆಯಲ್ಲೇ ತುಂಬಿದ್ದಾರಲ್ಲ? ಮಾರನೆಯ ದಿನವೇ ಸಿಬ್ಬಂದಿಗೆ ಕತ್ತಿನ ವ್ಯಾಯಾಮದ ತರಗತಿ ಎಂದು ಸಾರಿದೆ.

ಮೊದಲ ದಿನ ಬಂದರು. ಟೀ ಇರುತ್ತದೆಂದು ಯಾರೋ ಹೇಳಿದ್ದರಂತೆ. ಬೆನ್ನು ಗೋಡೆಗೆ ಹಚ್ಚಿ ನಿಲ್ಲಿಸಿ, ಗಲ್ಲವನ್ನು ನೇರವಾಗಿ ಹಿಂದಕ್ಕೆ ಎಳೆದುಕೊಳ್ಳಲು ಹೇಳಿದೆ. ಕತ್ತು ನೋವಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ಕಡಿಮೆ. ಆದರೆ ಮಾಡುವಾಗ ಗಲ್ಲದ ಕೆಳಗೆ ಇನ್ನೊಂದು ಗಲ್ಲ ಮೂಡುತ್ತದೆ. ಎಂಥ ಚೆಲುವೆಯೂ ಒಂದು ಕ್ಷಣ ಆಮೆಯ ಹಾಗೆ ಕಾಣುತ್ತಾಳೆ. ನಿಂಗಮ್ಮ ಸಿಸ್ಟರ್ ಗಾಜಿನ ಬೀರುವಿನಲ್ಲಿ ತಮ್ಮನ್ನೇ ನೋಡಿಕೊಂಡು, “ಇರೋ ಒಂದು ಗಲ್ಲ ನೆಟ್ಗೈತೆ, ಅದ ಎಲ್ಡ್ ಮಾಡ್ಕೊ ಅಂತೀಯಲ್ಲ ಮಗ” ಅಂದರು. ಎಲ್ಲರೂ ನಕ್ಕರು. ಎರಡನೆಯ ದಿನ ಕುಮಾರನೊಬ್ಬ ಬಂದ. ಮೂರನೆಯ ದಿನ ಅವನೂ ಬಾಗಿಲಲ್ಲಿ ನಿಂತು, “ಇವತ್ತೂ ಅದೇನಾ ಮೇಡಂ?” ಎಂದು ಕೇಳಿ ಹೊರಟುಹೋದ.

ಗ್ಲೂಕೋಸ್ ಡಬ್ಬಗಳು ಆಗಲೇ ನನ್ನ ಬಾಗಿಲ ಹೊರಗೆ ಬಂದು ಕೂತಿದ್ದವು. ಅಂಥ ಹೊತ್ತಿನಲ್ಲಿ ಊರಿನಿಂದ ನಮ್ಮಮ್ಮ ಬಂದಳು. ಒಂದು ಚೀಲ ಅವರೆಕಾಯಿ ತಂದಿದ್ದಳು. ನಾನು ಒಳಗೆ ರೋಗಿಯೊಬ್ಬರ ಮಂಡಿ ಬಗ್ಗಿಸುತ್ತಿದ್ದಾಗ, ಅಮ್ಮ ಹೊರಗೆ ಬೆಂಚಿನ ಮೇಲೆ ನಿಂಗಮ್ಮ ಸಿಸ್ಟರ್ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದಳು. ಸಿಸ್ಟರ್ ಮಾತುಮಾತಿಗೂ ಕತ್ತು ಒತ್ತಿಕೊಳ್ಳುತ್ತಿದ್ದುದನ್ನು ನೋಡಿ, “ಕತ್ತು ಇಡ್ಕಂಬುಟ್ಟದಾ ತಾಯಿ?” ಎಂದು ಕೇಳಿದಳಂತೆ.

“ಊಂ ಕಣಕ್ಕ. ಉಳ್ಕಂಡೈತೋ ಏನೋ, ವರ್ಸಾಯ್ತು.”

“ಅಯ್ಯೋ, ಅದ್ಕ್ಯಾಕಿಷ್ಟು ಒದ್ದಾಡೀರಿ? ನಮ್ ಸುಮಿ ಕಾಲ್ ಮುಂದಾಗಿ ಉಟ್ದೋಳು. ಅವಳ್ ಕೈಲಿ ಒಂದ್ ದಪ ಕಾಲ್ ಮಡಗಿಸ್ಕೊಬಾರ್ದಾ?”

ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮೊದಲಾಗಿ ಹೊರಬಂದವರು ಉಳುಕಿದ ಕಡೆ ಕಾಲಿಟ್ಟರೆ ಉಳುಕು ಬಿಟ್ಟುಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇವತ್ತಿಗೂ ಗಟ್ಟಿಯಾಗಿದೆ. ಅಮ್ಮ ಈ ಮಾತನ್ನು ಪಿಸುಗುಟ್ಟಿದಳೆಂದು ನನ್ನ ಡೈರಿಯಲ್ಲಿದೆ. ಔಷಧಿ ಕೊಡುವ ಕಿಂಡಿಯವರೆಗೂ ಕೇಳಿಸಿತೆಂದು ಕುಮಾರ ಹೇಳುತ್ತಾನೆ. ಅಮ್ಮನ ಗಂಟಲು ಬಲ್ಲ ನಾನು ಈ ವಿಷಯದಲ್ಲಿ ಕುಮಾರನ ಪರ.

ಮಾರನೆಯ ಬೆಳಿಗ್ಗೆ ನನ್ನ ಕೋಣೆಯಲ್ಲಿ ನಿಂಗಮ್ಮ ಸಿಸ್ಟರ್ ಚಪ್ಪಲಿ ಕಳಚಿ, ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ, ಜಡೆ ಮುಂದಕ್ಕೆ ಹಾಕಿಕೊಂಡು ಕೂತಿದ್ದರು. “ಮಡಗು ಮಗ ಕಾಲ” ಅಂದರು.

“ಸಿಸ್ಟರ್, ನೀವೇ ಹೀಗೆ ಮಾತಾಡಿದ್ರೆ ಹೇಗೆ? ನಾನು ಇಷ್ಟು ವರ್ಷ ಇದನ್ನೇ ಓದಿ ಬಂದಿದ್ದೀನಿ.”

“ಓದಿದ್ದೀಯೆ, ಇಲ್ಲ ಅಂದೋರ್ಯಾರು? ಓದ್ದೋರು ಬೀದಿಗೊಬ್ರು ಅವ್ರೆ. ಕಾಲ್ ಮುಂದಾಗಿ ಉಟ್ದೋರು ಎಷ್ಟ್ ಜನ ಅವ್ರೆ ಏಳು?”

ನನ್ನ ಓದನ್ನು ಪಕ್ಕಕ್ಕಿಟ್ಟೆ. ನಾನು ಹುಡುಗಿಯಾಗಿದ್ದಾಗ ತಾತನ ಬೆನ್ನಿನ ಮೇಲೆ ಕಾಲಿಟ್ಟ ನೆನಪು ಇತ್ತು: ಜಗಲಿ, ಬೋರಲಾಗಿ ಮಲಗಿದ ತಾತ, ಹೊಗೆಸೊಪ್ಪಿನ ವಾಸನೆ, ಬೆನ್ನಿನ ಬಿಸಿ. ನಿಧಾನವಾಗಿ ಬಲಗಾಲೆತ್ತಿದೆ. ನನಗಿಂತ ಎಷ್ಟೋ ಹಿರಿಯ ಹೆಂಗಸು, ನನಗೆ ಎಷ್ಟೋ ಮಧ್ಯಾಹ್ನ ತಮ್ಮ ಬುತ್ತಿಯಿಂದ ಮುದ್ದೆ ಮುರಿದುಕೊಟ್ಟವರು. ಅವರ ಕತ್ತಿನ ಬುಡಕ್ಕೆ ಹೆಬ್ಬೆರಳು ತಾಕಿಸಿ, ತಕ್ಷಣ ಕಾಲು ಕೆಳಗಿಟ್ಟು, ಬಗ್ಗಿ ಅವರ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾಲು ತಾಗಿದರೆ ಹಾಗೆ ಮಾಡದೆ ಇರಲು ನನ್ನ ಕೈಗೆ ಬರುವುದಿಲ್ಲ. ಸಿಸ್ಟರ್ ಕತ್ತು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. “ವಸಿ ಬುಟ್ಟಂಗಾಯ್ತು ಕಣ್ ಮಗ” ಅಂದರು. ಅವರ ಕಣ್ಣಿನಲ್ಲಿ ಇದ್ದ ಗೌರವವನ್ನು ನಾನು ಅದಕ್ಕೆ ಮುಂಚೆ ಆ ಆಸ್ಪತ್ರೆಯಲ್ಲಿ ಯಾರ ಕಣ್ಣಿನಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಸಾಲು. ಕುಮಾರ ಎಲ್ಲರಿಗಿಂತ ಮುಂದೆ. ಇಲ್ಲಿ ನನ್ನೊಳಗಿನ ವಿದ್ಯಾವಂತೆ ಒಂದು ಉಪಾಯ ಹೂಡಿದಳು. ಹಸಿ ಕತ್ತಿನ ಮೇಲೆ ಕಾಲಿಡುವಂತಿಲ್ಲ, ಮೊದಲು ಕೆಲವು ದಿನ ವ್ಯಾಯಾಮ ಮಾಡಿ ಕತ್ತನ್ನು ಹದಕ್ಕೆ ತರಬೇಕು, ಕುಳಿತುಕೊಳ್ಳುವ ರೀತಿ ಬದಲಿಸಬೇಕು, ಆಮೇಲೆಯೇ ಕಾಲು ಎಂದೆ. ಇದು ನಾನೇ ಹೇಳಿದ್ದೋ, ನಿಂಗಮ್ಮ ಸಿಸ್ಟರ್ ಹೇಳಿದ್ದಕ್ಕೆ ನಾನು ಹೂಂಗುಟ್ಟಿದ್ದೋ ಈಗ ಖಚಿತವಿಲ್ಲ. ಅಂತೂ ಅದೇ ಕಟ್ಟಳೆಯಾಯಿತು. ಟೀ ಆಸೆಗೆ ಮಾಡದ ವ್ಯಾಯಾಮವನ್ನು ಕಾಲಿನ ಆಸೆಗೆ ಮಾಡಿದರು. ಗಲ್ಲ ಎರಡಾಗುತ್ತದೆಂದು ಒಬ್ಬರೂ ದೂರಲಿಲ್ಲ. ಕುಮಾರ ಹಳೆಯ ಕಡತಗಳ ಕಟ್ಟುಗಳನ್ನು ಪೇರಿಸಿ ಕಂಪ್ಯೂಟರನ್ನು ಎತ್ತರಿಸಿ ಕಿಂಡಿಯ ನೇರಕ್ಕೆ ತಂದುಕೊಂಡ. ಆ ಕಡತಗಳಿಂದ ಜನರಿಗೆ ಉಪಕಾರವಾದದ್ದು ಅದೇ ಮೊದಲಿರಬೇಕು. ದಿನಗಳು ಕಳೆದಂತೆ ಅವನ ಕತ್ತು ಕಣ್ಣೆದುರೇ ನೆಟ್ಟಗಾಯಿತು. ನಾನು ಹಿಗ್ಗಿದೆ. ಆಮೇಲೆ ಮಾತು ಕೊಟ್ಟಂತೆ ಕಾಲು ತಾಕಿಸಿದೆ.

“ಅಬ್ಬಾ! ಕರೆಂಟ್ ಪಾಸಾದಂಗಾಯ್ತು ಮೇಡಂ” ಅಂದ ಕುಮಾರ. “ಎಂಥಾ ಕಾಲು ಮೇಡಂ ನಿಮ್ದು!”

“ಕುಮಾರ, ಇಷ್ಟು ದಿನ ವ್ಯಾಯಾಮ ಮಾಡಿದ್ದಕ್ಕೆ ನಿಮ್ಮ ಕತ್ತು ಆಗಲೇ ಸರಿ ಹೋಗಿತ್ತು.”

“ಅದಿರ್ಲಿ ಬುಡಿ ಮೇಡಂ. ನೀವು ದೊಡ್ಡ ಮನ್ಸಿಂದ ಅಂಗಂತೀರಿ.”

ಹೀಗೆ ನನ್ನ ವಿದ್ಯೆ ಪ್ರತಿ ದಿನ ಗೆಲ್ಲುತ್ತ, ಪ್ರತಿ ದಿನ ನನ್ನ ಪಾದಕ್ಕೆ ಹೆಸರು ತಂದುಕೊಡುತ್ತ ಸಾಗಿತು. ಸಾಹೇಬರೂ ಒಂದು ದಿನ ಬಂದರು. ಕಾರಿಡಾರು ಖಾಲಿಯಾಗುವುದನ್ನೇ ಕಾದಿದ್ದು, ಒಳಗೆ ಬಂದು ಬಾಗಿಲು ಮುಂದೆ ಮಾಡಿ, “ನೋಡಿ ಸುಮಾ, ನಾನು ಇದನ್ನೆಲ್ಲ ನಂಬೋನಲ್ಲ” ಅಂದರು.

“ಸರಿ ಸಾರ್.”

“ಆದ್ರೆ ಸಿಬ್ಬಂದಿಯಿಂದ ನಾನೊಬ್ನೇ ದೂರ ಉಳಿಯೋದು ಚೆನ್ನಾಗಿರಲ್ಲ.”

“ಸರಿ ಸಾರ್. ವ್ಯಾಯಾಮ ಮಾಡಿದ್ದೀರಾ?”

“ಮನೇಲಿ ಮಾಡ್ತಿದ್ದೀನಿ. ಕೋಣೆ ಬಾಗಿಲು ಹಾಕ್ಕೊಂಡು” ಎನ್ನುತ್ತ ಅವರು ಚಾಪೆಯ ಮೇಲೆ ಕೂತು ಗೋಡೆ ನೋಡತೊಡಗಿದರು. ನೌಕರಿಯಲ್ಲಿರುವವರಿಗೆ ಮೇಲಧಿಕಾರಿಯ ಕತ್ತಿನ ಮೇಲೆ ಕಾಲಿಡುವ ಭಾಗ್ಯ, ಅದೂ ಅವರೇ ಕೇಳಿಕೊಂಡು, ಎಷ್ಟು ಜನಕ್ಕೆ ಒದಗೀತು? ಒದಗಿದಾಗ ಮೆಲ್ಲಗೆ ಇಡಬೇಕಾಗುತ್ತದಲ್ಲ ಎಂಬುದೊಂದೇ ಕೊರಗು. ವಾರದೊಳಗೆ ಗ್ಲೂಕೋಸ್ ಡಬ್ಬಗಳು ನನ್ನ ಬಾಗಿಲಿನಿಂದ ಎದ್ದು ಮೆಟ್ಟಿಲ ಕೆಳಗಿನ ಜಾಗಕ್ಕೆ ಹೋದವು. ಸುದ್ದಿ ಬಸ್ಸು ಹತ್ತಿ ಸುತ್ತಿತು. ಕೆ.ಆರ್.ಎಸ್. ಕಡೆಯಿಂದ ಹೋಟೆಲಿನಲ್ಲಿ ದೋಸೆ ಹಾಕುವವರು ಬಂದರು, ತೊಣ್ಣೂರಿನಿಂದ ಹೊಲಿಗೆಯವರು ಬಂದರು, ನಾಗಮಂಗಲದಿಂದ ಕಂಡಕ್ಟರೊಬ್ಬರು ಬಸ್ಸನ್ನು ನಿಲ್ದಾಣದಲ್ಲಿ ಬಿಟ್ಟು ಓಡಿಬಂದು, “ಬೇಗ ಮಡಗವ್ವ, ಬಸ್ಸು ಒಂಟೋಯ್ತದೆ” ಅಂದರು. ಅವರಿಗೂ ವ್ಯಾಯಾಮ ಹೇಳಿಕೊಟ್ಟೇ ಕಳಿಸಿದೆ. ಸಾಹೇಬರು ಮೇಲಿನವರಿಗೆ ಕಳಿಸಿದ ವರದಿಯಲ್ಲಿ ನನ್ನ ವ್ಯಾಯಾಮ ಶಿಬಿರವನ್ನು ಬಾಯ್ತುಂಬ ಹೊಗಳಿದ್ದರು. ಕಾಗದದಲ್ಲಿ ವ್ಯಾಯಾಮ, ಕೋಣೆಯಲ್ಲಿ ಕಾಲು. ಆಡಳಿತ ಎಂದರೆ ಇದೇ ಇರಬೇಕು.

ಅಷ್ಟರಲ್ಲಿ ನಾಗಮಂಗಲದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಬಂತು. ಚಿಕ್ಕಮ್ಮ ಎಂದರೆ ಅಮ್ಮನ ಓರಗಿತ್ತಿ. ಹಿಂದೆ ಎರಡೂ ಸಂಸಾರ ಒಂದೇ ಮನೆಯಲ್ಲಿದ್ದವು. ನಾನೂ ಚಿಕ್ಕಮ್ಮನ ಮಗ ಮಾದೇಶನೂ ಅದೇ ಮನೆಯ ಅದೇ ಕೋಣೆಯಲ್ಲಿ, ಒಂದೇ ಬೇಸಿಗೆಯಲ್ಲಿ, ಒಬ್ಬಳೇ ಸೂಲಗಿತ್ತಿಯ ಕೈಗೆ ಹುಟ್ಟಿದವರು. ಕೆಲವು ದಿನ ಮುಂಚೆ ಹುಟ್ಟಿದ್ದರಿಂದ ನಾನು ಅವನಿಗೆ ಅಕ್ಕ. ಊಟವಾದ ಮೇಲೆ ಅಮ್ಮ ಎಲೆಯಡಿಕೆ ಹಾಕಿಕೊಳ್ಳುತ್ತ ನನ್ನ ಕಾಲಿನ ಕೀರ್ತಿಯನ್ನು ಬಂದ ಹೆಂಗಸರಿಗೆಲ್ಲ ಬಣ್ಣಿಸುತ್ತಿದ್ದಳು. ಚಿಕ್ಕಮ್ಮ ಕೇಳುವಷ್ಟು ಕೇಳಿ, “ಅಲ್ಲ ಕಣಕ್ಕ, ಕಾಲ್ ಮುಂದಾಗಿ ಬಂದೋನು ನಮ್ ಮಾದೇಸ ಅಲ್ವಾ?” ಅಂದಳು.

“ಏನಂದೆ? ಎತ್ತೋಳು ನಾನು. ನಂಗ್ ಗೊತ್ತಿಲ್ವಾ?”

“ಎತ್ತೋರ್ಗೇನಕ್ಕ ಕಾಣ್ತದೆ? ಕಣ್ ಮುಚ್ಕಂಡು ಕೂಗ್ತಾ ಇದ್ದೆ. ಅಲ್ಲಿ ದೀಪ ಇಡ್ದಿದ್ದೋಳು ನಾನು. ನಿನ್ ಮಗಳು ಎಲ್ಲಾರಂಗೆ ತಲೆ ಮುಂದಾಗೇ ಬಂದ್ಲು.”

“ನೀನು ಆಗ ತುಂಬಿದ್ ಬಸ್ರಿ. ನಿನ್ ಕೈಲಿ ದೀಪ ಯಾರ್ ಕೊಟ್ಟೋರು?”

“ಮಾದೇಸ ಉಟ್ದಾಗ ನೀನು ಬಾಣಂತಿ, ಪಕ್ಕದ್ ಕೋಣೇಲಿ ಬೆಚ್ಗೆ ಮಲ್ಗಿದ್ದೆ. ಅದೇನ್ ಕಂಡೋಳು ನೀನು?”

ಸೂಲಗಿತ್ತಿ ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಹುಟ್ಟಿದ ಇಬ್ಬರಿಗೂ ಏನೂ ನೆನಪಿಲ್ಲ. ನಾನು ಮಾದೇಶನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ತಾತನ ಬೆನ್ನಿನ ಮೇಲೆ ಕಾಲಿಟ್ಟ ನೆನಪು ಯಾರದು ಎಂದು ಕೇಳಿದೆ. “ನಂದೇ ಕಣಕ್ಕ” ಅಂದ. “ಜಗ್ಲಿ ಮ್ಯಾಲೆ. ಒಗೆಸೊಪ್ ನಾತ ಬತ್ತಿತ್ತು. ನೀನು ಪಕ್ಕದಲ್ಲಿ ನಿಂತ್ಕಂಡು ನಗ್ತಿದ್ದೆ.” ಅದೇ ಜಗಲಿ, ಅದೇ ಹೊಗೆಸೊಪ್ಪು. ನನ್ನ ನೆನಪಿನಲ್ಲಿ ಪಕ್ಕದಲ್ಲಿ ನಿಂತು ನಗುತ್ತಿದ್ದವನು ಅವನು. ಒಂದು ಬೆನ್ನಿನ ಮೇಲೆ ಇಬ್ಬರೂ ನಿಂತಿದ್ದೇವೆ, ಇಬ್ಬರೂ ನಿಂತಿಲ್ಲ. ವಿಶ್ವವಿದ್ಯಾಲಯದ ಪದವಿ ಪತ್ರ ನನ್ನದೇ ಎಂಬುದರಲ್ಲಿ ಸಂಶಯವಿಲ್ಲ, ಅದರ ಮೇಲೆ ಹೆಸರಿದೆ. ಜನ ನಂಬಿ ಬರುತ್ತಿದ್ದ ನನ್ನ ಇನ್ನೊಂದು ಅರ್ಹತೆ ಮಾತ್ರ ಒಬ್ಬಳ ದೀಪದ ಮೇಲೂ ಇನ್ನೊಬ್ಬಳ ಕೂಗಿನ ಮೇಲೂ ನಿಂತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನಿರ್ಧರಿಸಿದೆ: ಹೇಳಿಬಿಡಬೇಕು. ಕೋಣೆ ಹೋದರೆ ಹೋಗಲಿ. ಬಸ್ಸು ಇಳಿಯುವ ಹೊತ್ತಿಗೆ ನಿರ್ಧಾರ ಸ್ವಲ್ಪ ಮೆತ್ತಗಾಗಿ, ಮೊದಲು ನಿಂಗಮ್ಮ ಸಿಸ್ಟರಿಗೆ ಮಾತ್ರ ಹೇಳಿ ನೋಡೋಣ ಎಂದಾಯಿತು. ಹೇಳಿದೆ. ಸಿಸ್ಟರ್ ಸೂಜಿಯ ಡಬ್ಬ ಮುಚ್ಚುತ್ತ ಪೂರ್ತಿ ಕೇಳಿದರು.

“ನಿಮ್ ಚಿಕ್ಕಮ್ಮುನ್ಗೆ ವಯಸ್ಸೆಷ್ಟು?”

“ಎಪ್ಪತ್ತರ ಹತ್ತಿರ.”

“ಇನ್ನೇನು ಮತ್ತೆ? ಮರ್ತಿರ್ತಾರೆ. ನೀನೇ ಯಾವಾಗ್ಲೂ ಅಂತೀಯಲ್ಲ, ಜ್ಞಾಪಕ ನಂಬ್ಬಾರ್ದು ಅಂತ.”

“ಅಮ್ಮನಿಗೂ ವಯಸ್ಸಾಗಿದೆ ಸಿಸ್ಟರ್. ಅವಳೂ ಮರೆತಿರಬಹುದಲ್ಲ?”

“ಎತ್ತೋರು ಮರೀತಾರಾ? ಸುಮ್ಕಿರು ಮಗ. ನನ್ ಕತ್ತು ವಾಸಿಯಾಗದೆ. ಅದ್ಕಿಂತಾ ಸಾಕ್ಷಿ ಬೇಕಾ ನಿಂಗೆ?”

ಸಾಹೇಬರಿಗೂ ಸೂಚ್ಯವಾಗಿ ತಿಳಿಸಿದೆ. ಅವರು ಕುರ್ಚಿ ತಿರುಗಿಸದೆ ಬರಿಯ ಕತ್ತನ್ನೇ ನನ್ನ ಕಡೆ ತಿರುಗಿಸಿ, “ಕಾಲಿನ ವಿಚಾರ ನನಗೇನೂ ಗೊತ್ತಿಲ್ಲ, ನಾನು ನೋಡೂ ಇಲ್ಲ. ನೀವು ಶಿಬಿರ ಮುಂದುವರಿಸಿ” ಅಂದರು. ಅವರು ಗೋಡೆಗೆ ಮುಖ ಮಾಡಿ ಕೂತಿದ್ದರಿಂದ ನೋಡಿಲ್ಲ ಎಂಬುದು ನಿಜವೇ.

ನಾನು ಮುಂದುವರಿಸಿದೆ. ಕೋಣೆ ಉಳಿಯಿತು. ಉಳಿಯದೆ ಇದ್ದದ್ದು ನನ್ನ ಕತ್ತು. ದಿನವೂ ಒಂಟಿಕಾಲಿನಲ್ಲಿ ನಿಲ್ಲುವುದು, ಇನ್ನೊಂದು ಕಾಲು ಸರಿಯಾದ ಜಾಗಕ್ಕೆ ಬಿತ್ತೇ ಎಂದು ಕೆಳಗೆ ನೋಡುವುದು, ಕೂಡಲೇ ಬಗ್ಗಿ ಭುಜ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಹಿರಿಯರಾದರೆ ಇನ್ನಷ್ಟು ಬಗ್ಗುವುದು. ಕಾಲಿಡುವುದಕ್ಕಿಂತ ಕ್ಷಮೆ ಕೇಳುವುದರಲ್ಲೇ ನನ್ನ ಕತ್ತು ಸವೆಯಿತು. ಒಂದು ಬೆಳಿಗ್ಗೆ ಎದ್ದರೆ ತಲೆ ಎಡಕ್ಕೆ ತಿರುಗಲೊಲ್ಲದು. ಅವತ್ತಿಡೀ ನನ್ನ ಎಡಗಡೆಯ ಪ್ರಪಂಚ ನನಗಿಲ್ಲದೆಯೇ ನಡೆಯಿತು. ಹಲ್ಲಿನ ಡಾಕ್ಟರಿಗೆ ಬಾಯಿಗಳಿಂದ, ಲ್ಯಾಬಿನವರಿಗೆ ಸೂಕ್ಷ್ಮದರ್ಶಕದಿಂದ ಕತ್ತು ನೋವು ಬಂದರೆ ಅದನ್ನು ಹೇಳಿಕೊಳ್ಳಬಹುದು. ನನ್ನ ಕಾರಣ ಯಾರ ಮುಂದೆಯೂ ಹೇಳುವಂಥದ್ದಲ್ಲ.

ನನಗೆ ಮದ್ದು ಗೊತ್ತಿತ್ತು. ಶ್ರದ್ಧೆಯಿಂದ ವ್ಯಾಯಾಮ ಶುರು ಮಾಡಿದೆ. ಕನ್ನಡಿಯ ಮುಂದೆ ಗಲ್ಲ ಹಿಂದಕ್ಕೆಳೆದು ಆಮೆಯಾದೆ. ಬಿಸಿ ಶಾಖ ಕೊಟ್ಟೆ. ನಿಧಾನವಾಗಿ ಇಳಿಯುತ್ತದೆ, ತಾಳ್ಮೆ ಬೇಕು, ವಾರಗಳೇ ಬೇಕಾಗಬಹುದು ಎಂದು ಬೇರೆಯವರಿಗೆ ಹೇಳುವ ಮಾತನ್ನೇ ನನಗೂ ಹೇಳಿಕೊಂಡೆ. ಆ ಮಾತು ಕೇಳಿಸಿಕೊಳ್ಳುವವರಿಗೆ ಎಷ್ಟು ಸಿಟ್ಟು ತರಿಸುತ್ತದೆಂದು ಆಗ ತಿಳಿಯಿತು. ನೋವು ಕೊಂಚ ಕೊಂಚವೇ ಇಳಿಯುತ್ತಿತ್ತು. ಆದರೆ ಅದು ನನಗೆ ಸಾಲಲಿಲ್ಲ. ಕುಮಾರನಿಗೆ ಆದ ಹಾಗೆ ಕರೆಂಟು ಹರಿಯಬೇಕು, ನಿಂಗಮ್ಮ ಸಿಸ್ಟರಿಗೆ ಆದ ಹಾಗೆ ಬಿಟ್ಟಂತಾಗಬೇಕು ಎನ್ನಿಸತೊಡಗಿತು. ಎಲ್ಲರಿಗೂ ಕೊಟ್ಟದ್ದು ನನಗೊಬ್ಬಳಿಗೆ ಯಾಕೆ ಬೇಡ?

ಭಾನುವಾರ ನಾಗಮಂಗಲದ ಬಸ್ಸು ಹತ್ತಿದೆ. ಮನೆಯಲ್ಲಿ ಚಿಕ್ಕಮ್ಮನನ್ನು ನೋಡಿ ಬರುತ್ತೇನೆಂದು ಹೇಳಿದೆ. ಚಿಕ್ಕಮ್ಮ ಅವತ್ತು ಊರಿನಲ್ಲಿರುವುದಿಲ್ಲ ಎಂದು ಫೋನಿನಲ್ಲಿ ಮೊದಲೇ ತಿಳಿದುಕೊಂಡಿದ್ದೆ. ಮಾದೇಶ ಹಸುಗಳ ಮೈ ತೊಳೆಯುತ್ತಿದ್ದ. ವಿಷಯ ಹೇಳಿದೆ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೊಟ್ಟಿಗೆಯ ಕಂಬ ಹಿಡಿದುಕೊಂಡು ನಕ್ಕ.

“ಅಲ್ಲ ಕಣಕ್ಕ, ಊರೋರ್ ಕತ್ಗೆಲ್ಲ ನೀನ್ ಕಾಲ್ ಮಡಗ್ತಿದ್ದೀಯಂತೆ. ನಿನ್ ಕತ್ಗೆ ನಿನ್ ಕಾಲೇ ಮಡಿಕೊಬಾರ್ದಾ?”

“ಎಟುಕಲ್ಲ ಕಣೋ.”

“ನೀನು ಇದ್ನೆಲ್ಲ ನಂಬ್ತೀಯಾ?”

“ನಂಬಲ್ಲ. ನೀನು ಸುಮ್ಮನೆ ಇಡು.”

“ದೊಡ್ಡೋಳ್ ಮ್ಯಾಲೆ ಕಾಲ್ ಮಡಗದ್ ಎಂಗಕ್ಕ? ಅವ್ವಂಗೆ ಗೊತ್ತಾದ್ರೆ ನನ್ ಕಾಲ್ ಮುರೀತಾಳೆ.”

ಬಹಳ ಹೇಳಿದ ಮೇಲೆ ಕಾಲು ತೊಳೆದುಕೊಂಡು ಬಂದ. ನಾನು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂತೆ. ಒದ್ದೆಯಾದ, ಒರಟಾದ, ತಣ್ಣನೆಯ ಹೆಬ್ಬೆರಳೊಂದು ಕತ್ತಿನ ಬುಡಕ್ಕೆ ತಾಗಿತು. ಮರುಗಳಿಗೆ ಮಾದೇಶ ಬಗ್ಗಿ ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. “ಹಾಗೆ ಕತ್ತು ಜೋತುಬಿಟ್ಟು ಬಗ್ಗಬೇಡ, ಮಂಡಿ ಮಡಿಸು” ಎಂದೆ, ಅಭ್ಯಾಸಬಲದಿಂದ.

“ಎಂಗದೆ ಈಗ?”

ಮೆಲ್ಲಗೆ ತಲೆಯನ್ನು ಎಡಕ್ಕೆ ತಿರುಗಿಸಿದೆ. ತಿರುಗಿತು. ಕೊಟ್ಟಿಗೆ ಕಂಡಿತು, ಹಸುಗಳು ಕಂಡವು, ಎಷ್ಟೋ ದಿನದಿಂದ ಕಾಣದೆ ಇದ್ದ ನನ್ನ ಎಡಭುಜವೂ ಕಂಡಿತು. ಇದು ಕಾಲಿನಿಂದಾದದ್ದಲ್ಲ, ಇಷ್ಟು ದಿನ ಬಿಡದೆ ಮಾಡಿದ ವ್ಯಾಯಾಮದ ಫಲ, ಸ್ನಾಯುಗಳು ಸಡಿಲಾಗಲು ಇಷ್ಟು ಕಾಲ ಬೇಕೇ ಬೇಕು, ಕಾಲಿಟ್ಟ ಗಳಿಗೆಗೂ ಅವು ಸಡಿಲಾದ ಗಳಿಗೆಗೂ ಹೊಂದಿಕೆಯಾದದ್ದು ಬರಿಯ ಆಕಸ್ಮಿಕ ಎಂದು ಮಾದೇಶನಿಗೆ ವಿವರವಾಗಿ ತಿಳಿಸಿ ಹೇಳಿದೆ. ಅವನು, “ಆಯ್ತು ಬುಡಕ್ಕ, ನೀನು ಓದ್ದೋಳು” ಅಂದ. ನಾನು ಚಪ್ಪಲಿ ಮೆಟ್ಟಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟು, ಗೇಟಿನ ತನಕ ಹೋಗಿ, ಮುಂದಿನ ಭಾನುವಾರವೂ ಮನೆಯಲ್ಲೇ ಇರುತ್ತಾನೆಯೇ ಎಂದು ಅವನನ್ನು ಕೇಳಿದೆ.